ಕುಣಿದ ಕಾಲು, ಕಲಿಸುವ ಕಣ್ಣು

ಮಾಸ್ಕೋದ ಬೊಲ್ಶೊಯ್ ಬ್ಯಾಲೆ ತಂಡ 1956ರಲ್ಲಿ ಮೊದಲ ಬಾರಿ ಲಂಡನ್ನಿಗೆ ಹೋದಾಗ ಜೂಲಿಯೆಟ್ ಪಾತ್ರದಲ್ಲಿ ಕುಣಿದವರು ಗಲೀನಾ ಉಲನೋವಾ. ಷೇಕ್ಸ್‌ಪಿಯರನ ಜೂಲಿಯೆಟ್‌ಗೆ ಇನ್ನೂ ಹದಿನಾಲ್ಕು ತುಂಬಿಲ್ಲ. ಉಲನೋವಾಗೆ ಆಗ 46 ವರ್ಷ. ರಂಗಕ್ಕೆ ಬಂದದ್ದು ನಡುವಯಸ್ಸಿನ ಹೆಂಗಸು. ಆದರೆ ಕೆಲವೇ ನಿಮಿಷಗಳಲ್ಲಿ ಆ ಹೆಂಗಸು ಕಣ್ಮರೆಯಾಗಿ ಅಲ್ಲೊಬ್ಬಳು ಹುಡುಗಿ ಓಡಾಡುತ್ತಿದ್ದಳು ಎಂದು ಅಂದು ನೋಡಿದವರು ಬೆರಗಿನಿಂದ ಹೇಳಿಕೊಂಡಿದ್ದಾರೆ. ನಾಲ್ಕು ವರ್ಷಗಳ ನಂತರ, 1960ರಲ್ಲಿ, ಉಲನೋವಾ ರಂಗದಿಂದ ನಿವೃತ್ತಿಯಾದರು. ರಂಗದಿಂದ ಮಾತ್ರ. ಅದೇ ಬೊಲ್ಶೊಯ್‌ನ ತಾಲೀಮು ಕೋಣೆಯಲ್ಲಿ, ಗೋಡೆಗನ್ನಡಿಯ ಪಕ್ಕದ ಕುರ್ಚಿಯಲ್ಲಿ ಕುಳಿತು, ಎಳೆಯ ನರ್ತಕಿಯರಿಗೆ ಪಾತ್ರಗಳನ್ನು ಹೇಳಿಕೊಡತೊಡಗಿದರು. ತಾವು ಕುಣಿದದ್ದು 1928ರಿಂದ 32 ವರ್ಷ. ಇತರರನ್ನು ಕುಣಿಸಿದ್ದು ಅದಕ್ಕಿಂತಲೂ ಹೆಚ್ಚು ಕಾಲ.

ಎಲ್ಲ ದೊಡ್ಡ ನರ್ತಕಿಯರ ಕಥೆಯೂ ಹೀಗೆಯೇ ಸಾಗಿತೆಂದು ಹೇಳುವಂತಿಲ್ಲ. ರಂಗದ ಮೇಲೆ ಜಗತ್ತನ್ನೇ ಗೆದ್ದವರು ಪಾಠದ ಕೋಣೆಗೆ ಬಂದು ಏನೂ ಮಾಡಲಾಗದೆ ಸುಮ್ಮನಾದ ಉದಾಹರಣೆಗಳಿವೆ. ರಂಗದ ಮೇಲೆ ಹೆಸರನ್ನೇ ಮಾಡದವರು ಜಗತ್ತನ್ನು ಗೆಲ್ಲುವ ಶಿಷ್ಯರನ್ನು ತಯಾರು ಮಾಡಿದ ಉದಾಹರಣೆಗಳೂ ಇವೆ. ಒಳ್ಳೆಯ ಬ್ಯಾಟ್ಸ್‌ಮನ್ ಒಳ್ಳೆಯ ಕೋಚ್ ಆಗುತ್ತಾನೆಯೇ ಎಂದು ಕ್ರಿಕೆಟ್ ಪ್ರಿಯರು ಕಾಫಿ ಲೋಟ ಹಿಡಿದು ವಾದ ಮಾಡುತ್ತಾರೆ. ಬ್ಯಾಲೆಯಲ್ಲಿ ಈ ಪ್ರಶ್ನೆ ಅಷ್ಟು ಹಗುರವಲ್ಲ. ಅಲ್ಲಿ ಮಗು ಒಂಬತ್ತು ಹತ್ತರ ವಯಸ್ಸಿಗೆ ಶಾಲೆ ಸೇರುತ್ತದೆ. ಎಂಟು ಒಂಬತ್ತು ವರ್ಷ ಕಲಿತು ಹದಿನೆಂಟರ ಹೊತ್ತಿಗೆ ಹೊರಗೆ ಬರುತ್ತದೆ. ಅಲ್ಲಿಂದ ಮುಂದೆ ಉಳಿಯುವುದು ಇಪ್ಪತ್ತು ವರ್ಷದ ಆಯುಷ್ಯ. ಪ್ಯಾರಿಸ್ ಒಪೆರಾದಲ್ಲಂತೂ 42ಕ್ಕೆ ನಿವೃತ್ತಿ ಎಂಬ ನಿಯಮವೇ ಇದೆ. ಹೀಗಾಗಿ ತಂದೆ ತಾಯಿ ಗುರುವಿನ ಕೈಗೆ ಒಪ್ಪಿಸುವುದು ಮಗುವಿನ ಬಾಲ್ಯವನ್ನಷ್ಟೇ ಅಲ್ಲ, ಅದರ ಮಂಡಿ, ಹರಡು, ಬೆನ್ನುಹುರಿಗಳನ್ನು ಕೂಡ. ತಪ್ಪು ಕಲಿಸಿದರೆ ಮತ್ತೊಮ್ಮೆ ಮೊದಲಿನಿಂದ ಕಲಿಯಲು ವೇಳೆ ಇರುವುದಿಲ್ಲ.

ಇಲ್ಲೊಂದು ಮಾತು ಹೇಳಿಬಿಡಬೇಕು. ನಮ್ಮಲ್ಲಿ ಶಾಲಾ ವಾರ್ಷಿಕೋತ್ಸವದ ರಾಮಾಯಣ ರೂಪಕದಿಂದ ಹಿಡಿದು ಯಾವ ಗುಂಪು ನೃತ್ಯಕ್ಕಾದರೂ ‘ಬ್ಯಾಲೆ’ ಎಂದು ಕರೆಯುವ ರೂಢಿಯಿದೆ. ಇಲ್ಲಿ ಹೇಳುತ್ತಿರುವುದು ಯುರೋಪಿನ ಶಾಸ್ತ್ರೀಯ ಬ್ಯಾಲೆಯನ್ನು: ಗಟ್ಟಿ ತುದಿಯ ಬೂಟು ತೊಟ್ಟು ಕಾಲ್ಬೆರಳ ತುದಿಯಲ್ಲಿ ನಿಲ್ಲುವ, ಸೊಂಟದಿಂದಲೇ ಕಾಲನ್ನು ಹೊರಕ್ಕೆ ತಿರುಗಿಸಿ ಕುಣಿಯುವ ಕಲೆಯನ್ನು. ಬೆಂಗಳೂರಿನ ಮಾಯಾ ರಾವ್ 1960ರ ದಶಕದ ಆರಂಭದಲ್ಲಿ ಮಾಸ್ಕೋಗೆ ಹೋಗಿ ನೃತ್ಯ ಸಂಯೋಜನೆಯನ್ನು ಅಭ್ಯಾಸ ಮಾಡಿ ಬಂದರು. ಉಲನೋವಾ ಕುರ್ಚಿಯಲ್ಲಿ ಕುಳಿತು ಕಲಿಸಲು ಆರಂಭಿಸಿದ್ದ ಕಾಲವೇ ಅದು. ಕರ್ನಾಟಕಕ್ಕೂ ಆ ಲೋಕಕ್ಕೂ ಇರುವ ಕೆಲವೇ ನೇರ ನಂಟುಗಳಲ್ಲಿ ಇದೊಂದು.

ಬ್ಯಾಲೆಯಲ್ಲಿ ಕಲಿಸುವ ಕೆಲಸ ಎರಡು ಬಗೆಯದು. ಒಂದು ಶಾಲೆಯ ಪಾಠ: ಮರದ ಕಂಬಿ ಹಿಡಿದು ನಿಲ್ಲುವುದರಿಂದ ಆರಂಭಿಸಿ ಮೈಯನ್ನು ಕಟ್ಟುವುದು. ಇನ್ನೊಂದು, ಕಲಿತು ಮುಗಿಸಿ ತಂಡಕ್ಕೆ ಸೇರಿದವರಿಗೆ ಒಂದೊಂದು ಪಾತ್ರವನ್ನು ತಿದ್ದಿ ತೀಡಿ ಕೊಡುವುದು. ರಷ್ಯದಲ್ಲಿ ಈ ಎರಡನೆಯ ಕೆಲಸದವರನ್ನು ‘ರೆಪೆಟಿಟರ್’ ಎನ್ನುತ್ತಾರೆ. ಕೋಚ್ ಎಂದರೂ ನಡೆಯುತ್ತದೆ. ‘ಸ್ವಾನ್ ಲೇಕ್’ನಲ್ಲಿ ಒಂಟಿ ಕಾಲ ಮೇಲೆ ಮೂವತ್ತೆರಡು ಸುತ್ತು ತಿರುಗುವ ಪ್ರಸಿದ್ಧ ಭಾಗವಿದೆ. ಪ್ರತಿ ಸುತ್ತಿಗೂ ದೃಷ್ಟಿಯನ್ನು ಒಂದೇ ಬಿಂದುವಿನ ಮೇಲೆ ನೆಟ್ಟು ತಲೆ ಸುತ್ತದಂತೆ ನೋಡಿಕೊಳ್ಳುವುದನ್ನು ಶಾಲೆಯ ಗುರು ಕಲಿಸುತ್ತಾರೆ. ಆ ಸುತ್ತುಗಳಿಗೆ ಮೊದಲು ಎಲ್ಲಿ ಉಸಿರು ಉಳಿಸಿಕೊಳ್ಳಬೇಕು, ಮುಗಿದ ಮೇಲೆ ರಾಜಕುಮಾರನ ಕಡೆ ಗೆದ್ದವಳಂತೆ ಯಾವ ಕ್ಷಣದಲ್ಲಿ ತಿರುಗಿ ನೋಡಬೇಕು ಎನ್ನುವುದನ್ನು ಕೋಚ್ ಹೇಳಿಕೊಡುತ್ತಾರೆ. ಮೊದಲನೆಯ ಕೆಲಸಕ್ಕೆ ರಂಗದ ಕೀರ್ತಿ ಬೇಕೇ ಬೇಕೆಂದಿಲ್ಲ. ಎರಡನೆಯದಕ್ಕೆ ಆ ಪಾತ್ರದೊಳಗೆ ಒಮ್ಮೆಯಾದರೂ ನಿಂತು ಬೆವರಿದ ಅನುಭವ ಬಹಳ ಉಪಯೋಗಕ್ಕೆ ಬರುತ್ತದೆ.

ಏಕೆಂದರೆ ಬ್ಯಾಲೆಯನ್ನು ಪುಸ್ತಕದಿಂದ ಕಲಿಯಲಾಗುವುದಿಲ್ಲ. ಹೆಜ್ಜೆಗಳನ್ನು ಬರೆದಿಡುವ ಲಿಪಿಗಳನ್ನು ಹಲವರು ರೂಪಿಸಿದ್ದಾರೆ. ಚಲನಚಿತ್ರ, ವಿಡಿಯೋಗಳೂ ಬಂದವು. ಆದರೂ ಒಂದು ಪಾತ್ರ ಉಳಿಯುವುದು ಅದನ್ನು ಕುಣಿದವರ ಮೈಯ ನೆನಪಿನಲ್ಲಿ. ಅದು ‘ಕಾಲಿನಿಂದ ಕಾಲಿಗೆ’ ದಾಟಿ ಬರುತ್ತದೆ ಎಂಬ ಮಾತು ರಷ್ಯನ್ನರಲ್ಲಿ ಬಳಕೆಯಲ್ಲಿದೆ. 1910ರಲ್ಲಿ ಪ್ಯಾರಿಸ್‌ನಲ್ಲಿ ಸ್ಟ್ರವಿನ್‌ಸ್ಕಿಯ ಸಂಗೀತಕ್ಕೆ ಫೋಕಿನ್ ಸಂಯೋಜಿಸಿದ ‘ಫೈರ್‌ಬರ್ಡ್’ ಮೊದಲ ಪ್ರದರ್ಶನ ಕಂಡಿತು. ಬೆಂಕಿಹಕ್ಕಿಯಾಗಿ ಕುಣಿದವರು ತಮಾರಾ ಕರ್ಸಾವಿನಾ. 44 ವರ್ಷಗಳ ನಂತರ, 1954ರಲ್ಲಿ, ಇಂಗ್ಲೆಂಡಿನಲ್ಲಿ ಮಾರ್ಗೊ ಫಾಂಟೇನ್ ಅದೇ ಪಾತ್ರ ವಹಿಸಬೇಕಾಗಿ ಬಂದಾಗ ಹೇಳಿಕೊಟ್ಟವರೂ ಕರ್ಸಾವಿನಾ ಅವರೇ. ಆಗ ಗುರುವಿಗೆ 69, ಶಿಷ್ಯೆಗೆ 35. ಶಿಷ್ಯೆಯೂ ಆಗಲೇ ಲೋಕಪ್ರಸಿದ್ಧೆ. ಕರ್ಸಾವಿನಾ ಕಲಿಸಿದ್ದು ಹೆಜ್ಜೆಗಳಿಗಿಂತ ಹೆಚ್ಚಾಗಿ ಆ ಹಕ್ಕಿಯ ಸ್ವಭಾವವನ್ನು. ಫೋಕಿನ್ ಅಂದು ತಮಗೆ ಹೇಳಿದ್ದನ್ನು, ಇದು ಮುದ್ದಿನ ಹಕ್ಕಿಯಲ್ಲ, ಹಿಡಿತಕ್ಕೆ ಸಿಗದ ಸೊಕ್ಕಿನ ಕಾಡುಹಕ್ಕಿ, ಇದರಲ್ಲಿ ಮನುಷ್ಯರ ಲಾಲಿತ್ಯಕ್ಕೆ ಜಾಗವಿಲ್ಲ ಎಂಬ ಭಾವವನ್ನು ಫಾಂಟೇನ್‌ಗೆ ದಾಟಿಸಿದರು. ಯಾವ ಲಿಪಿಯಲ್ಲಿ ಇದನ್ನು ಬರೆದಿಡುವುದು? ಅಮೆರಿಕದಲ್ಲಿ 1990ರ ದಶಕದಲ್ಲಿ ಬಾಲಂಚೀನ್ ಪ್ರತಿಷ್ಠಾನದವರು ಹಳೆಯ ನರ್ತಕಿಯರನ್ನು ಕರೆಸಿ, ಅವರು ಎಳೆಯರಿಗೆ ಪಾಠ ಹೇಳುವುದನ್ನೇ ಚಿತ್ರೀಕರಿಸಿಟ್ಟರು. ಅವರಲ್ಲಿ ಒಬ್ಬರಾದ ಅಲಿಸಿಯಾ ಮಾರ್ಕೋವಾ 1925ರಲ್ಲಿ, ತಮ್ಮ ಹದಿನಾಲ್ಕನೆಯ ವಯಸ್ಸಿನಲ್ಲಿ ಕುಣಿದ ಪಾತ್ರವನ್ನು ಎಂಬತ್ತು ದಾಟಿದ ಮೇಲೆ ನೆನಪಿಸಿಕೊಂಡು ಹೇಳಿಕೊಟ್ಟರು.

ಹಾಗಾದರೆ ದೊಡ್ಡ ನರ್ತಕಿಯೇ ಒಳ್ಳೆಯ ಕೋಚ್ ಎಂದು ಬಿಡಬಹುದೇ? ಅದಕ್ಕೆ ಮೊದಲು ಅಗ್ರಿಪ್ಪಿನಾ ವಾಗನೋವಾ ಅವರ ಜೀವನವನ್ನು ನೋಡಬೇಕು.

‘ಕುಣಿಯಲಾರದವಳು ನೆಲ ಡೊಂಕು ಎಂದಳು’ ಎಂದು ನಮ್ಮ ಗಾದೆ ಗೇಲಿ ಮಾಡುತ್ತದೆ. ಸೇಂಟ್ ಪೀಟರ್ಸ್‌ಬರ್ಗಿನ ಮಾರಿನ್‌ಸ್ಕಿ ರಂಗಮಂದಿರದಲ್ಲಿ ನೆಲ ನಿಜಕ್ಕೂ ಡೊಂಕು. ಹಿಂದಿನಿಂದ ಮುಂದಕ್ಕೆ, ಪ್ರೇಕ್ಷಕರ ಕಡೆಗೆ ಇಳಿಜಾರು. ಆ ರಂಗಮಂದಿರದ ಬಾಗಿಲಲ್ಲಿ ಪ್ರೇಕ್ಷಕರನ್ನು ಕೂರಿಸುವ ಕೆಲಸದಲ್ಲಿದ್ದವರ ಮಗಳು ವಾಗನೋವಾ. ಹುಟ್ಟಿದ್ದು 1879ರಲ್ಲಿ. 1897ರಲ್ಲಿ ಶಾಲೆ ಮುಗಿಸಿ ತಂಡ ಸೇರಿದರು. ಕಣ್ಣು ಕುಕ್ಕುವ ಚೆಲುವಿಲ್ಲ, ಬ್ಯಾಲೆಗೆ ಹೇಳಿ ಮಾಡಿಸಿದ ಮೈಕಟ್ಟಿಲ್ಲ, ಮೇಲಿನವರ ಕೃಪೆಯಿಲ್ಲ. ಬಿಡಿ ಬಿಡಿ ನೃತ್ಯಗಳಲ್ಲಿ ಆಕೆಯನ್ನು ಮೀರಿಸುವವರಿರಲಿಲ್ಲವಾದ್ದರಿಂದ ‘ವೇರಿಯೇಷನ್‌ಗಳ ರಾಣಿ’ ಎಂದು ಕರೆದರು. ಆದರೆ ಬ್ಯಾಲೆರಿನಾ ಎಂಬ ಪದವಿ ಕೊಡಲಿಲ್ಲ. ಆ ಪದವಿ ಸಿಕ್ಕಿದ್ದು 1915ರಲ್ಲಿ. ಮರುವರ್ಷವೇ ನಿವೃತ್ತಿ. ಹದಿನೆಂಟು ವರ್ಷ ಕಾದು ಒಂದು ವರ್ಷ ಅನುಭವಿಸಿದ ಪದವಿ!

ಆ ಹದಿನೆಂಟು ವರ್ಷ ವಾಗನೋವಾ ಸುಮ್ಮನೆ ಕೊರಗಲಿಲ್ಲ. ಇತರರಿಗೆ ಸುಲಭವಾಗಿ ಬರುವುದು ತನಗೆ ಏಕೆ ಬರುವುದಿಲ್ಲ ಎಂದು ಬಿಡಿಸಿ ಬಿಡಿಸಿ ನೋಡಿದರು. ರಷ್ಯಕ್ಕೆ ಬಂದಿದ್ದ ಇಟಲಿಯ ನರ್ತಕಿಯರು ಅಷ್ಟು ಬಲವಾಗಿ ತಿರುಗುವುದು ಹೇಗೆ? ಆ ಬಲ ಕಾಲಿನಿಂದ ಬರುತ್ತದೆಯೋ, ಬೆನ್ನಿನಿಂದಲೋ, ತೋಳಿನಿಂದಲೋ? ಪ್ರತಿಭೆಯ ಧಾರಾಳವಿದ್ದವರು ಕೇಳಿಕೊಳ್ಳಬೇಕಾಗಿಯೇ ಬಾರದ ಪ್ರಶ್ನೆಗಳಿವು. ಕ್ರಾಂತಿಯ ನಂತರ ಶಾಲೆಯಲ್ಲಿ ಪಾಠಕ್ಕೆ ನಿಂತಾಗ ಈ ಪ್ರಶ್ನೆಗಳೆಲ್ಲ ಉತ್ತರಗಳಾಗಿದ್ದವು. 1925ರಲ್ಲಿ ಮರೀನಾ ಸೆಮ್ಯೋನೋವಾ, 1928ರಲ್ಲಿ ಉಲನೋವಾ, 1931ರಲ್ಲಿ ನತಾಲ್ಯಾ ದುದಿನ್‌ಸ್ಕಾಯಾ, ಹೀಗೆ ಒಬ್ಬರ ಹಿಂದೊಬ್ಬರು ಆಕೆಯ ಕೈಯಿಂದ ಹೊರಬಂದರು. 1934ರಲ್ಲಿ ಪ್ರಕಟವಾದ ಆಕೆಯ ಪಠ್ಯಪುಸ್ತಕ ಹಲವು ಭಾಷೆಗಳಿಗೆ ಹೋಯಿತು. 1951ರಲ್ಲಿ ತೀರಿಕೊಂಡರು, ಆರು ವರ್ಷಗಳ ನಂತರ ಆ ಶಾಲೆಗೇ ಆಕೆಯ ಹೆಸರಿಟ್ಟರು.

ಅದೇ ಶಾಲೆಯಲ್ಲಿ, ಬಹುತೇಕ ಅದೇ ಕಾಲದಲ್ಲಿ ಕಲಿತವರು ಅನ್ನಾ ಪಾವ್ಲೋವಾ. ವಾಗನೋವಾಗೆ ಸಿಗದ ಎಲ್ಲವೂ ಆಕೆಗೆ ಸಿಕ್ಕಿತು. ಊರೂರು, ದೇಶದೇಶ ಸುತ್ತಿ ಕುಣಿದರು. 1931ರಲ್ಲಿ, ಐವತ್ತು ತುಂಬುವುದಕ್ಕೆ ಕೆಲವೇ ವಾರ ಮೊದಲು, ಪ್ರವಾಸದಲ್ಲಿರುವಾಗಲೇ ತೀರಿಕೊಂಡರು. ಲಂಡನ್ನಿನ ತಮ್ಮ ಮನೆಯಲ್ಲಿ ಒಂದಷ್ಟು ಹುಡುಗಿಯರಿಗೆ ಪಾಠ ಹೇಳಿದ್ದುಂಟು. ಆದರೆ ಪಾವ್ಲೋವಾ ಎಂಬ ಗುರುವಿನ ಹೆಸರು ಹೇಳಿಕೊಂಡು ಅದೇ ಎತ್ತರಕ್ಕೆ ಬೆಳೆದ ಶಿಷ್ಯೆ ಕಾಣುವುದಿಲ್ಲ. ಆಕೆ ಬಿತ್ತಿದ್ದು ಬೇರೆ ರೀತಿಯಲ್ಲಿ. ಭಾರತಕ್ಕೆ ಬಂದಾಗ ಪರಿಚಯವಾದ ರುಕ್ಮಿಣಿದೇವಿ ಅರುಂಡೇಲ್ ಬ್ಯಾಲೆ ಕಲಿಯಲು ಹೊರಟಾಗ, ನಿನ್ನ ನಾಡಿನ ಕಲೆಯನ್ನೂ ಹುಡುಕಿಕೋ ಎಂದು ಪ್ರೇರೇಪಿಸಿದವರು ಪಾವ್ಲೋವಾ. ರುಕ್ಮಿಣಿದೇವಿ ಹುಡುಕಿಕೊಂಡು ಹೋಗಿ ಸೇರಿದ್ದು ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆ ಅವರನ್ನು. ಪಿಳ್ಳೆಯವರು ರಂಗದ ಮೇಲೆ ಕುಣಿದು ಹೆಸರಾದವರಲ್ಲ. ತಾಳ ಹಿಡಿದು ಕುಳಿತು ಕುಣಿಸಿದ ನಟ್ಟುವನಾರರು. ಬೆಂಗಳೂರಿನ ಯು.ಎಸ್. ಕೃಷ್ಣರಾವ್ ಮತ್ತು ಚಂದ್ರಭಾಗಾದೇವಿ ದಂಪತಿಗಳೂ ಅವರ ಶಿಷ್ಯರೇ. ಗುರು ಎಂದರೆ ಕುಣಿದವನೇ ಆಗಬೇಕೆಂಬ ಹಟ ಭರತನಾಟ್ಯದ ಆ ಪರಂಪರೆಗೆ ಇರಲಿಲ್ಲ.

ಬ್ಯಾಲೆಯಲ್ಲೂ ಇಂಥವರುಂಟು. ಲೆನಿನ್‌ಗ್ರಾಡಿನ ಅಲೆಕ್ಸಾಂಡರ್ ಪುಷ್ಕಿನ್ (ಕವಿಯಲ್ಲ, ಅದೇ ಹೆಸರಿನ ಗುರು) ಒಳ್ಳೆಯ ನರ್ತಕರೇ. ಆದರೆ ಮೊದಲ ಸಾಲಿನ ತಾರೆಯಲ್ಲ. ಮೆಲುದನಿಯ ಮನುಷ್ಯ. ಅವರ ತರಗತಿಯಿಂದ ಬಂದವರು ರುಡಾಲ್ಫ್ ನುರೆಯೇವ್ ಮತ್ತು ಮಿಖಾಯಿಲ್ ಬರಿಷ್ನಿಕೋವ್. ಇಪ್ಪತ್ತನೆಯ ಶತಮಾನದ ಇಬ್ಬರು ಮಹಾ ನರ್ತಕರಿಗೆ ಒಬ್ಬನೇ ಗುರು! ಅವರಿಬ್ಬರಲ್ಲಿ ಒಬ್ಬರ ನೃತ್ಯ ಇನ್ನೊಬ್ಬರದರಂತೆ ಇರಲಿಲ್ಲ ಎಂಬುದನ್ನು ಗಮನಿಸಬೇಕು. ನುರೆಯೇವ್ ಕಾಡುಬೆಂಕಿ, ಬರಿಷ್ನಿಕೋವ್ ಅಳೆದು ಕೊರೆದ ವಜ್ರ.

ಇಷ್ಟನ್ನು ಓದಿ, ಹಾಗಾದರೆ ಕಷ್ಟಪಟ್ಟು ಸೋತವರೇ ಒಳ್ಳೆಯ ಗುರುಗಳು ಎಂದು ತೀರ್ಮಾನಿಸಿದರೆ ಅದೂ ಅವಸರದ ಮಾತೇ. ವಾಗನೋವಾ ಅವರ ಶಿಷ್ಯೆ ಸೆಮ್ಯೋನೋವಾ ಕಾಲಿಟ್ಟ ರಂಗವನ್ನೆಲ್ಲ ಆಳಿದ ಮಹಾ ನರ್ತಕಿ. ಆಕೆ 1950ರ ದಶಕದಲ್ಲಿ ಬೊಲ್ಶೊಯ್‌ಯಲ್ಲಿ ಪಾಠ ಆರಂಭಿಸಿ 2004ರವರೆಗೆ, ಅಂದರೆ 96ನೆಯ ವಯಸ್ಸಿನವರೆಗೆ ಕಲಿಸಿದರು. ಕ್ರಾಂತಿಯಾದ ಮೇಲೆ ರಷ್ಯ ಬಿಟ್ಟು ಪ್ಯಾರಿಸ್ ಸೇರಿದ ಓಲ್ಗಾ ಪ್ರಿಯೊಬ್ರಜೆನ್‌ಸ್ಕಾಯಾ ಮತ್ತು ಮಟಿಲ್ಡಾ ಕ್ಷೆಸಿನ್‌ಸ್ಕಾಯಾ ಇಬ್ಬರೂ ಚಕ್ರವರ್ತಿಯ ಕಾಲದ ಮೊದಲ ದರ್ಜೆಯ ಬ್ಯಾಲೆರಿನಾಗಳೇ. ಪ್ಯಾರಿಸ್‌ನ ಅವರ ಸ್ಟುಡಿಯೋಗಳಿಂದಲೇ 1932ರಲ್ಲಿ ಬಾಲಂಚೀನ್ ಹನ್ನೆರಡರಿಂದ ಹದಿನೈದರೊಳಗಿನ ಮೂವರು ಹುಡುಗಿಯರನ್ನು ಆರಿಸಿ ರಂಗಕ್ಕೇರಿಸಿದರು. ಪತ್ರಿಕೆಗಳು ಅವರನ್ನು ‘ಬೇಬಿ ಬ್ಯಾಲೆರಿನಾ’ಗಳೆಂದು ಕರೆದವು. ಮೂವರಲ್ಲಿ ಇಬ್ಬರು ಪ್ರಿಯೊಬ್ರಜೆನ್‌ಸ್ಕಾಯಾ ಅವರ ಶಿಷ್ಯೆಯರು. ಈ ಗುರುವನ್ನು ಬಾಲ್ಯದಲ್ಲಿ ಬ್ಯಾಲೆ ಶಾಲೆ ದುರ್ಬಲ ಮೈಯವಳೆಂದು ಮೊದಮೊದಲು ಸೇರಿಸಿಕೊಂಡೇ ಇರಲಿಲ್ಲ.

ಉಲನೋವಾ ಅವರ ಮಾತಿಗೆ ಮತ್ತೆ ಬರಬೇಕು. ಕೀರ್ತಿಯ ದೃಷ್ಟಿಯಿಂದ ಆಕೆ ಶಿಖರ. ಆದರೆ ಬೇರು ನೋಡಿದರೆ ಬೇರೆಯೇ ಚಿತ್ರ. ತಂದೆ ತಾಯಿ ಇಬ್ಬರೂ ಮಾರಿನ್‌ಸ್ಕಿಯ ನರ್ತಕರು. ಕ್ರಾಂತಿಯ ನಂತರದ ಬಡತನದ ದಿನಗಳಲ್ಲಿ ಸಿನಿಮಾ ಮಂದಿರಗಳಲ್ಲಿ ಚಿತ್ರ ಆರಂಭವಾಗುವ ಮೊದಲು ಕುಣಿದು ಸಂಪಾದಿಸುತ್ತಿದ್ದರು. ಮನೆಯಲ್ಲಿ ಬಿಟ್ಟು ಹೋಗಲು ಯಾರೂ ಇಲ್ಲದ್ದರಿಂದ ಪುಟ್ಟ ಗಲೀನಾಳನ್ನೂ ಚಳಿಯಲ್ಲಿ ನಡೆಸಿಕೊಂಡೇ ಹೋಗುತ್ತಿದ್ದರು. ನಡುಗುತ್ತ ಬಂದ ತಾಯಿ ಉಣ್ಣೆಯ ಬೂಟು ಬಿಚ್ಚಿ ನೃತ್ಯದ ಬೂಟು ತೊಟ್ಟು, ಮುಖದ ಮೇಲೆ ನಗು ತಂದುಕೊಂಡು ರಂಗಕ್ಕೆ ಹೋಗುವುದನ್ನು ನೋಡಿ, ತಾನಂತೂ ಎಂದಿಗೂ ನರ್ತಕಿಯಾಗುವುದಿಲ್ಲ ಎಂದು ಮಗು ನಿಶ್ಚಯಿಸಿಕೊಂಡಿತ್ತು. ಆದರೂ 1919ರಲ್ಲಿ ಬ್ಯಾಲೆ ಶಾಲೆಯ ವಿದ್ಯಾರ್ಥಿನಿಲಯಕ್ಕೆ ಸೇರಿಸಿದರು. ಮನೆಗೆ ಕರೆದುಕೊಂಡು ಹೋಗು ಎಂದು ಅಳುತ್ತಿದ್ದ ಆ ಹುಡುಗಿಗೆ ಮೊದಲ ಗುರುವೂ ತಾಯಿಯೇ, ಮರಿಯಾ ರೊಮಾನೋವಾ. ಕೊನೆಯ ವರ್ಷಗಳಲ್ಲಿ ವಾಗನೋವಾ ಅವರ ತರಗತಿ. ಚಿಕ್ಕ ಕುತ್ತಿಗೆ, ಇಳಿಜಾರು ಭುಜ, ಎದುರಿಗಿದ್ದವರ ಮುಖ ನೋಡಿ ಮಾತನಾಡಲೂ ಸಂಕೋಚ. ಇವನ್ನೆಲ್ಲ ಗೆದ್ದು ಉಲನೋವಾ ಆಗುವಷ್ಟರಲ್ಲಿ, ಒಂದೊಂದು ಚಲನೆ ಏಕೆ ಹೀಗಿರಬೇಕು ಎಂದು ತಮಗೆ ತಾವೇ ಸಾವಿರ ಸಲ ಕೇಳಿಕೊಂಡಿರಬೇಕು.

ಕೋಚ್ ಆದ ಮೇಲೆ ಉಲನೋವಾ ಕೂಗಾಡಿದವರಲ್ಲ, ಹೆಚ್ಚು ಮಾತನಾಡಿದವರೂ ಅಲ್ಲ. ಮೊದಲ ಶಿಷ್ಯೆ ಎಕತೆರೀನಾ ಮಾಕ್ಸಿಮೋವಾ. ಬೊಲ್ಶೊಯ್ ಸೇರಿ ಎರಡೇ ವರ್ಷವಾಗಿದ್ದ ಈ ಹುಡುಗಿಗೆ 1960ರಲ್ಲಿ ‘ಜಿಸೆಲ್’ ಪಾತ್ರ ಸಿಕ್ಕಿತು. ಜಿಸೆಲ್ ಒಬ್ಬ ಹಳ್ಳಿಯ ಹುಡುಗಿ. ವೇಷ ಮರೆಸಿಕೊಂಡು ಬಂದ ಸರದಾರನನ್ನು ನಂಬಿ, ಮೋಸ ಬಯಲಾದಾಗ ಬುದ್ಧಿಭ್ರಮೆಯಾಗಿ ಸಾಯುತ್ತಾಳೆ. 1841ರಿಂದ ನಡೆದುಬಂದ ಈ ಬ್ಯಾಲೆಯಲ್ಲಿ ಉಲನೋವಾ ಅವರ ಜಿಸೆಲ್ ಒಂದು ದಂತಕಥೆ. ಮೊದಲ ನಗುವಿನಲ್ಲೇ ಮುಂದಿನ ದುಃಖದ ನೆರಳಿದ್ದ ಜಿಸೆಲ್ ಅದು. ಇಂಥ ದಂತಕಥೆ ಎದುರಿಗೆ ಕುಳಿತು ನೋಡುತ್ತಿರುವಾಗ ಇಪ್ಪತ್ತೊಂದರ ಹುಡುಗಿಗೆ ಅನುಕರಣೆ ಮಾಡುವುದೇ ಸುಲಭದ ದಾರಿ. ಉಲನೋವಾ ಆ ದಾರಿಯನ್ನು ಮುಚ್ಚಿದರು. ತನ್ನಂತೆ ಮಾಡು ಎಂದು ಹೇಳಲಿಲ್ಲ. ಈ ಹುಡುಗಿಯಲ್ಲಿರುವುದೇನು ಎಂದು ಹುಡುಕಿದರು. ಮಾಕ್ಸಿಮೋವಾ ಅವರ ಜಿಸೆಲ್‌ಗೆ ನೆರಳಿರಲಿಲ್ಲ. ಅದು ಬಿಸಿಲಿನಂಥ ಮಗು, ಕೊನೆಯವರೆಗೂ ನಂಬುವ ಮಗು. ಆದ್ದರಿಂದಲೇ ಅದರ ಹೃದಯ ಒಡೆದಾಗ ಪ್ರೇಕ್ಷಕರ ಎದೆಯೂ ಝಲ್ಲೆನ್ನುತ್ತಿತ್ತು. ಮುಂದೆ ಉಲನೋವಾ ಅವರಲ್ಲಿ ಕಲಿತವರನ್ನು ಒಟ್ಟಿಗೆ ನಿಲ್ಲಿಸಿ ನೋಡಿದರೆ ಒಬ್ಬ ಗುರುವಿನ ಮಕ್ಕಳೆಂದು ಅನಿಸುವುದಿಲ್ಲ. ಕಟ್ಟುಮಸ್ತಾದ, ನಾಟಕೀಯ ಶಕ್ತಿಯ ನೀನಾ ತಿಮೊಫೆಯೇವಾ. ತೆಳುವಾದ, ಕುಸುರಿ ಕೆಲಸದಂಥ ಲ್ಯುದ್‌ಮಿಲಾ ಸೆಮೆನ್ಯಾಕಾ. ಕೊನೆಯ ವರ್ಷಗಳಲ್ಲಿ ನೀಳ ಮೈಯ ಯುವಕ ನಿಕೊಲಾಯ್ ಸಿಸ್ಕರೀದ್ಜೆ.

ಕೇಳಲು ಇದು ಸುಲಭ. ಆದರೆ ಕೋಚ್ ಆದವರ ಸಂಕಟವನ್ನು ಒಮ್ಮೆ ಊಹಿಸಿಕೊಳ್ಳಬೇಕು. ನಿನ್ನೆಯವರೆಗೆ ತನ್ನದಾಗಿದ್ದ ಪಾತ್ರ, ತನ್ನದಾಗಿದ್ದ ಉಡುಪು, ತನಗೆ ಬರುತ್ತಿದ್ದ ಚಪ್ಪಾಳೆ. ಎದುರಿಗಿರುವ ಹುಡುಗಿಯ ಮಂಡಿ ನೋಯುವುದಿಲ್ಲ, ತನ್ನದು ನೋಯುತ್ತದೆ. ‘ನಮ್ಮ ಕಾಲದಲ್ಲಿ’ ಎಂದು ಬಾಯಿಗೆ ಬರುವ ಮಾತನ್ನು ಎಷ್ಟು ಸಲ ನುಂಗಬೇಕು! ಕೆಲವರು ನುಂಗಲಾರದೆ ಕಹಿಯಾಗುತ್ತಾರೆ, ಶಿಷ್ಯೆಯರನ್ನು ಹಂಗಿಸುತ್ತಾರೆ. ಕೆಲವರು ಪ್ರತಿಯೊಂದನ್ನೂ ಎದ್ದು ನಿಂತು ತಾವೇ ಕುಣಿದು ತೋರಿಸುತ್ತಾರೆ. ಹುಡುಗಿ ಬೆರಗಾಗಿ ನೋಡುತ್ತಾಳೆ, ಕಲಿಯುವುದಿಲ್ಲ. ಕೆಲವರು ಆ ಕುರ್ಚಿಯ ಕಡೆಗೆ ಹೋಗುವುದೇ ಇಲ್ಲ. ಮಾಯಾ ಪ್ಲಿಸೆಟ್‌ಸ್ಕಾಯಾ ಎಪ್ಪತ್ತರ ವಯಸ್ಸಿನಲ್ಲೂ ಸಾಯುವ ಹಂಸವಾಗಿ ರಂಗದ ಮೇಲೆ ತೋಳು ಬೀಸಿದ ಅಪೂರ್ವ ನರ್ತಕಿ. ದಿನನಿತ್ಯ ಕುಳಿತು ಇನ್ನೊಬ್ಬರನ್ನು ತಿದ್ದುವ ಗುರುವಾಗಿ ಆಕೆಯನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ. ಇದರಲ್ಲಿ ಕೊರತೆ ಎಣಿಸಬೇಕಾಗಿಲ್ಲ. ತನಗೆ ಒಗ್ಗದ ಕುರ್ಚಿಯಲ್ಲಿ ಕೂರದಿರುವುದೂ ಶಿಷ್ಯರಿಗೆ ಮಾಡುವ ಒಂದು ಉಪಕಾರವೇ.

ಕೂರಲು ಬಂದವರಿಗೆ ಕುರ್ಚಿ ಸಿಗದಿರುವುದೂ ಉಂಟು. ಬಾಲಂಚೀನ್ ಅವರ ಹಲವು ಕೃತಿಗಳು ಹುಟ್ಟಿದ್ದೇ ಸುಝಾನ್ ಫ್ಯಾರೆಲ್ ಅವರ ಮೈಯ ಮೇಲೆ. ಸೊಂಟದ ಕೀಲು ಬದಲಾಯಿಸಿಕೊಂಡ ಮೇಲೂ ರಂಗಕ್ಕೆ ಮರಳಿ, 1989ರಲ್ಲಿ ಆಕೆ ನಿವೃತ್ತರಾದರು. ಆಕೆಯದೇ ತಂಡವಾದ ನ್ಯೂಯಾರ್ಕ್ ಸಿಟಿ ಬ್ಯಾಲೆಯೊಂದಿಗಿನ ನಂಟು 1993ರಲ್ಲಿ ಕಡಿದುಹೋಯಿತು. ಪಾತ್ರ ಹೇಳಿಕೊಡಲು ಮತ್ತೆ ಆ ತಂಡಕ್ಕೆ ಕಾಲಿಟ್ಟದ್ದು 2019ರಲ್ಲಿ. ನಡುವಿನ ಇಪ್ಪತ್ತಾರು ವರ್ಷಗಳಲ್ಲಿ ಆಕೆ ಸುಮ್ಮನೆ ಕೂರಲಿಲ್ಲ. ಬೇರೆ ಊರುಗಳಲ್ಲಿ ಕಲಿಸಿದರು, ವಾಷಿಂಗ್ಟನ್‌ನಲ್ಲಿ ತಮ್ಮದೇ ತಂಡವನ್ನೂ ನಡೆಸಿದರು. ಆದರೆ ಆ ಕೃತಿಗಳ ತವರಿನಲ್ಲಿ ಒಂದು ಇಡೀ ತಲೆಮಾರು ಆಕೆಯ ಕಣ್ಣಿಗೆ ಬೀಳದೆ ಬೆಳೆದು ನಿವೃತ್ತಿಯ ಹತ್ತಿರಕ್ಕೂ ಬಂದುಬಿಟ್ಟಿತ್ತು.

ನೃತ್ಯಶಾಲೆಗೆ ಮಕ್ಕಳನ್ನು ಸೇರಿಸಲು ಹೊರಟ ತಂದೆ ತಾಯಿ ಮೊದಲು ನೋಡುವುದು ಗೋಡೆಯ ಮೇಲಿನ ಫೋಟೋಗಳನ್ನು, ಶಾಲು ಸನ್ಮಾನಗಳನ್ನು. ನೋಡಲಿ. ಆದರೆ ಅರ್ಧ ಗಂಟೆ ಹಿಂದೆ ಕುಳಿತು ಪಾಠವನ್ನೂ ನೋಡುವುದು ಒಳ್ಳೆಯದು. ಹಳೆಯ ಶಿಷ್ಯೆಯರೆಲ್ಲ ಗುರುವಿನ ಒಂದೇ ಓರೆನೋಟ, ಒಂದೇ ಕತ್ತಿನ ಕೊಂಕು ಕಲಿತು ಒಂದೇ ಅಚ್ಚಿನ ಗೊಂಬೆಗಳಂತೆ ಕಾಣುತ್ತಾರೆಯೇ, ಅಥವಾ ಒಬ್ಬೊಬ್ಬರು ಒಂದೊಂದು ಥರ ಇದ್ದಾರೆಯೇ? ‘ಏಕೆ’ ಎಂದು ಮಗು ಕೇಳಿದರೆ ಉತ್ತರ ಸಿಗುತ್ತದೆಯೇ, ಗದರಿಕೆಯೇ? ನೋವು ಎಂದಾಗ ನಿಲ್ಲಿಸುತ್ತಾರೆಯೇ? ವಿದ್ಯಾರ್ಥಿಗಳೂ ಇದನ್ನು ಗಮನಿಸಬಹುದು. ಬ್ಯಾಲೆ ಆಗಲಿ, ಭರತನಾಟ್ಯವಾಗಲಿ, ಗಣಿತವೇ ಆಗಲಿ, ಲೆಕ್ಕವನ್ನು ಸರಸರನೆ ಮಾಡಿ ಮುಗಿಸುವ ಮೇಷ್ಟ್ರಿಗೂ, ಹುಡುಗ ಯಾವ ಹಂತದಲ್ಲಿ ಎಡವಿದ ಎಂದು ಕಂಡುಹಿಡಿಯುವ ಮೇಷ್ಟ್ರಿಗೂ ಇರುವ ವ್ಯತ್ಯಾಸ ತರಗತಿಯ ಕೊನೆಯ ಬೆಂಚಿಗೂ ಗೊತ್ತಿರುತ್ತದೆ.

ಮಾಕ್ಸಿಮೋವಾ ಅವರಿಗೆ 1975ರಲ್ಲಿ ‘ಇವಾನ್ ದಿ ಟೆರಿಬಲ್’ ಬ್ಯಾಲೆಯ ತಾಲೀಮಿನಲ್ಲಿ ಬೆನ್ನುಹುರಿಗೆ ಪೆಟ್ಟಾಯಿತು. ನಡೆದಾಡುವುದೇ ಅನುಮಾನ ಎಂಬ ಸ್ಥಿತಿಯಿಂದ ಎದ್ದು ಮರುವರ್ಷ ಮತ್ತೆ ಜಿಸೆಲ್ ಆಗಿ ರಂಗಕ್ಕೆ ಬಂದರು. ರಂಗ ಬಿಟ್ಟ ಮೇಲೆ ಅವರೂ ಗುರುವಿನಂತೆ ಕುರ್ಚಿಯಲ್ಲಿ ಕುಳಿತರು. 1997ರಲ್ಲಿ ಬೊಲ್ಶೊಯ್‌ಗೆ ಆಗಷ್ಟೇ ಸೇರಿದ್ದ ಸ್ವೆತ್ಲಾನಾ ಲುಂಕಿನಾ ಎಂಬ ಹದಿನೆಂಟರ ಹುಡುಗಿಗೆ ಜಿಸೆಲ್ ಪಾತ್ರ ಬಂದಾಗ ತಯಾರು ಮಾಡಿದವರು ಮಾಕ್ಸಿಮೋವಾ. ಮಗಳಿಗೆ ಮೊದಲ ಹೆಜ್ಜೆ ಹೇಳಿಕೊಟ್ಟ ರೊಮಾನೋವಾ, ಆ ಹೆಜ್ಜೆಯನ್ನು ಬಲಗೊಳಿಸಿದ ವಾಗನೋವಾ, ಉಲನೋವಾ, ಮಾಕ್ಸಿಮೋವಾ, ಆಮೇಲೆ ಈ ಹುಡುಗಿ. ಉಲನೋವಾ ಆಗ ಇನ್ನೂ ಇದ್ದರು. 1998ರ ಮಾರ್ಚ್‌ನಲ್ಲಿ ತೀರಿಕೊಂಡರು. ಮಾಕ್ಸಿಮೋವಾ 2009ರ ಏಪ್ರಿಲ್‌ನಲ್ಲಿ ತೀರಿಕೊಳ್ಳುವವರೆಗೂ ಬೊಲ್ಶೊಯ್‌ನ ತಾಲೀಮು ಕೋಣೆಯಲ್ಲಿ ಎಳೆಯರಿಗೆ ಪಾತ್ರ ಹೇಳಿಕೊಡುತ್ತಲೇ ಇದ್ದರು.